ಕಣ್ಣಿನ ವ್ಯಾನಿನ ಪಂಪು

ಸ್ವಿಚ್ಚು ಒತ್ತಿದರೆ ಪಂಪು ಗುಂಯ್ ಎನ್ನುತ್ತಿತ್ತೇ ಹೊರತು ತಿರುಗುತ್ತಿರಲಿಲ್ಲ. ಆ ಸದ್ದು ಕಿವಿಗೆ ಬಿದ್ದದ್ದೇ ಡ್ರೈವರ್ ಕೆಂಪಸಿದ್ದಯ್ಯ ಫ್ಯೂಸಿನ ಪೆಟ್ಟಿಗೆ ತೆಗೆದು ನೋಡಿದ. ಫ್ಯೂಸು ಸರಿಯಿದೆ, ಬ್ಯಾಟರಿಯೂ ಸರಿಯಿದೆ. ಹಾಗಾದರೆ ಒಳಗೆ ಏನೋ ಸಿಕ್ಕಿಕೊಂಡಿದೆ. ಸಿಕ್ಕಿಕೊಂಡದ್ದನ್ನು ಯಾರಾದರೂ ಕೈ ಹಾಕಿಯೇ ತೆಗೆಯಬೇಕು.

ಪರದೇಶದವರು ದಾನ ಕೊಟ್ಟ ಕಣ್ಣಾಸ್ಪತ್ರೆ ವ್ಯಾನು ಅದು. ಎಪ್ಪತ್ನಾಲ್ಕರ ಮಾಗಿಯಲ್ಲಿ ಮಂಡ್ಯದಿಂದ ಹೊರಟು ಆತಗೂರಿನ ಸ್ಕೂಲು ಬಯಲಿನಲ್ಲಿ ನಿಂತಿತ್ತು. ಒಳಗೆ ನಾಲ್ಕು ಮಂಚ, ಹಿಂದೆ ಒಂದು ಕಕ್ಕಸು, ಅದರಡಿಗೆ ಟ್ಯಾಂಕು. ಟ್ಯಾಂಕಿನ ಬಾಯಲ್ಲಿ ಕೂತ ಪಂಪು ಎಲ್ಲವನ್ನೂ ಅರೆದು ನೀರು ಮಾಡಿ, ಪೈಪಿನಲ್ಲಿ ದೂರದ ಗುಂಡಿಗೆ ತಳ್ಳುತ್ತಿತ್ತು. ಯಾರೂ ಮುಟ್ಟಬೇಕಿಲ್ಲ ಎಂಬುದಕ್ಕೇ ಕೆಂಪಸಿದ್ದಯ್ಯನಿಗೆ ಆ ವ್ಯಾನಿನ ಮೇಲೆ ಪ್ರೀತಿ. ಅವನಪ್ಪ ಪುರಸಭೆಯಲ್ಲಿ ಕಕ್ಕಸಿನ ಬಕೆಟ್ಟು ಹೊತ್ತು ಹೊತ್ತೇ ಸತ್ತಿದ್ದ. ಲೈಸೆನ್ಸು ಕೈಗೆ ಬಂದ ದಿನ ಅವ್ವ ಮಾಯಮ್ಮ ಮಗನ ಎರಡೂ ಕೈ ಹಿಡಿದುಕೊಂಡು, “ಇವು ಸ್ಟೇರಿಂಗು ಇಡಿಯೋ ಕೈ ಕಣ್ಲಾ. ಅಪ್ಪನ ಕೆಲ್ಸುಕ್ಕೆ ಮಾತ್ರ ಮಡಗಬ್ಯಾಡ” ಎಂದು ಮಾತು ತೆಗೆದುಕೊಂಡಿದ್ದಳು.

ಇದನ್ನು ಅವನು ಹೇಳಿಕೊಂಡದ್ದು ಒಬ್ಬರ ಹತ್ತಿರ ಮಾತ್ರ. ವ್ಯಾನಿನಲ್ಲಿ ರೋಗಿಗಳ ಹೆಸರು ಬರೆಯುವ ರಂಗನಾಯಕಿಯ ಹತ್ತಿರ. ಬಿ.ಎ. ಓದಿದ ಅಯ್ಯಂಗಾರರ ಹುಡುಗಿ, ಮೂರು ತಿಂಗಳಲ್ಲಿ ಹತ್ತು ಮಾತಾಡಿದ್ದರೆ ಹೆಚ್ಚು. ಹೊಳಲಿನ ದಾರಿಯಲ್ಲಿ ಒಂದು ಸಂಜೆ ಗೋಡೆಗೆ ಹೇಳಿದ ಹಾಗೆ ಹೇಳಿದ್ದ. ಅವಳೂ ಗೋಡೆಯ ಹಾಗೇ ಕೂತಿದ್ದಳು.

ಡಾಕ್ಟರ್ ಸಂಪತ್ ಕುಮಾರ್ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದರು. ಒಳ್ಳೆಯವರೇ, ಆತುರ ಜಾಸ್ತಿ.

“ಮೂರು ಗಂಟೆಗೆ ಇನ್ನೂ ಎರಡು ಆಪರೇಷನ್ ಇದೆ. ಕೆಂಪಸಿದ್ದಯ್ಯ, ಅದನ್ನ ಬಿಚ್ಚಿ ಕ್ಲೀನ್ ಮಾಡಿಬಿಡು. ನಿಮ್ಮ ಕಡೆಯವರಿಗೆ ಇದೆಲ್ಲ ಅಭ್ಯಾಸ ಇರುತ್ತಲ್ಲ.”

ಕೆಂಪಸಿದ್ದಯ್ಯ ಸ್ಪ್ಯಾನರಿಗೆ ಕೈಯಿಟ್ಟ. ಆಗುವುದಿಲ್ಲ ಅಂದರೆ ಕೆಲಸ ಹೋದೀತು. ಆಮೇಲೆ ಸ್ಟೇರಿಂಗಾದರೂ ಎಲ್ಲಿ?

“ನಾನು ಬಿಚ್ಚುತ್ತೀನಿ, ಸರ್.”

ದನಿ ಎಷ್ಟು ಸಣ್ಣಗಿತ್ತೆಂದರೆ ಡಾಕ್ಟರು ಅತ್ತಿತ್ತ ನೋಡಿದರು. ರಂಗನಾಯಕಿ ಪಂಪಿನ ಇಂಗ್ಲಿಷ್ ಪುಸ್ತಕವನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು. “ಪುಸ್ತಕ ನಾನು ಓದಿದೀನಿ. ಅವರು ಪಕ್ಕದಲ್ಲಿದ್ದು ಹೇಳಿಕೊಟ್ಟರೆ ಸಾಕು.”

“ನೀವಾ?” ಡಾಕ್ಟರು ನಕ್ಕರು. ಅವಳು ನಗಲಿಲ್ಲ. ಅವರು ಒಳಗೆ ಹೋದರು.

ಸೆರಗು ಸಿಕ್ಕಿಸಿ ಅವಳು ವ್ಯಾನಿನಡಿಗೆ ನುಸುಳಿದಳು. ಪಂಪಿನ ಹಿಂಬದಿಯ ಸೀಳಿಗೆ ಸ್ಕ್ರೂಡ್ರೈವರ್ ಇಟ್ಟು ತಿರುಗಿಸಿ ನೋಡಬೇಕೆಂದು ಪುಸ್ತಕದಲ್ಲಿತ್ತು. ತಿರುಗಿಸಿದಳು. ಅರ್ಧ ಸುತ್ತು ಹೋಗಿ ಹಿಂದಕ್ಕೆ ಪುಟಿಯಿತು.

“ಕಲ್ಲಲ್ಲ ಅದು,” ಎಂದ ಕೆಂಪಸಿದ್ದಯ್ಯ, ಕಿವಿಗೊಟ್ಟು. “ಕಲ್ಲಾಗಿದ್ರೆ ಟಕ್ ಅಂತ ನಿಂತ್ಕತಿತ್ತು. ನಾರು ಸುತ್ಕೊಂಡದೆ. ನಾಕು ಬೋಲ್ಟು ಬಿಚ್ಚಬೇಕು.”

ಬ್ಯಾಟರಿಯ ವೈರು ಅವನೇ ಬಿಡಿಸಿದ. ಅವಳು ಬೋಲ್ಟಿಗೆ ಸ್ಪ್ಯಾನರು ಹಾಕಿಯೇಬಿಟ್ಟಳು.

“ತಡೀರಿ ಅಮ್ಮಾವ್ರೇ. ಮೊದ್ಲು ಟ್ಯಾಂಕಿನ ವಾಲ್ವು ಮುಚ್ಚಿ. ಇಲ್ದಿದ್ರೆ ನಾಕು ಜನದ್ದೂ ನಿಮ್ ತಲೆ ಮ್ಯಾಲೇಯ.”

ಅವಳು ನಕ್ಕದ್ದನ್ನು ಅವನು ಕೇಳಿದ್ದು ಅದೇ ಮೊದಲು.

ಮುಚ್ಚಳ ಬಿಚ್ಚಿಕೊಂಡಾಗ ನಾತ ಹೊಡೆಯಿತು. ಅವಳು ಮುಖವನ್ನು ಹೆಗಲಿಗೊತ್ತಿಕೊಂಡು, ಉಸಿರು ಬಿಗಿಹಿಡಿದು ಕೈ ಹಾಕಿದಳು. ಬ್ಲೇಡಿನ ಸುತ್ತ ಹಗ್ಗ ಹೊಸೆದಂತೆ ಬಿಗಿದಿದ್ದ ನಾರು ಎಳೆ ಎಳೆಯಾಗಿ ಬಂತು.

“ಕಬ್ಬಿನ ಹಿಪ್ಪೆ,” ಎಂದ ಕೆಂಪಸಿದ್ದಯ್ಯ. ಮೇಲೆ ತಲೆಯೆತ್ತಿ ಕಿಟಕಿಗೆ ಕೂಗಿದ. “ಪಟ್ಟಲಮ್ಮ, ಕಬ್ಬು ಜಗ್ದು ಎಲ್ಲಾಕ್ದೆ ಕಣಮ್ಮ?”

ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ಮುದುಕಿ ಅಲ್ಲಿಂದಲೇ ಉತ್ತರ ಕೊಟ್ಟಳು. “ಇನ್ನೆಲ್ಲಾಕ್ಲಿ? ಇಂಥ ಚೊಕ್ಕಟದ ಜಾಗ್ದಲ್ಲಿ ನೆಲುಕ್ಕೆ ಉಗ್ಯಕ್ಕಾಯ್ತದಾ? ಆ ಬಿಳೀ ತೂತ್ಗೆ ಆಕ್ದೆ.”

“ಆಪರೇಸನ್ ಆದೋರು ಕಬ್ಬು ಜಗೀಬ್ಯಾಡಿ ಅಂದಿರ್ನಿಲ್ವಾ?”

“ಬಾಯ್ಗೆ ಆಪರೇಸನ್ ಮಾಡುದ್ರೇನ್ಲಾ? ಕಣ್ಗೆ ತಾನೆ?”

ಬೋಲ್ಟು ಬಿಗಿದು, ವೈರು ಸಿಕ್ಕಿಸಿ, ವಾಲ್ವು ತೆರೆದು ಸ್ವಿಚ್ಚು ಒತ್ತಿದಾಗ ಪಂಪು ಗರ್ರನೆ ತಿರುಗಿತು. ಪೈಪು ಒಮ್ಮೆ ಮೈ ಕೊಡವಿ ಹರಿಯತೊಡಗಿತು. ಒಳಗಿನಿಂದ ಡಾಕ್ಟರು “ಭೇಷ್” ಎಂದರು.

ರಂಗನಾಯಕಿ ಎರಡೂ ಕೈಗಳನ್ನು ಮೈಗೆ ತಾಗದಂತೆ ಚಾಚಿಕೊಂಡು ಈಚೆ ಬಂದಳು. ಕೆಂಪಸಿದ್ದಯ್ಯ ಬಕೆಟ್ಟಿನಿಂದ ಚೊಂಬು ತುಂಬಿಕೊಂಡವನು ಅಲ್ಲೇ ನಿಂತ. ಊರೂರಿನಲ್ಲಿ ಅವನ ಬೊಗಸೆಗೆ ಮೇಲಿನಿಂದ ಯಾರೋ ನೀರು ಹುಯ್ದದ್ದುಂಟು. ಅಂಥವರ ಕೈಗೆ ಅವನ ಚೊಂಬಿನಿಂದ ನೀರು ಬಿದ್ದದ್ದಿಲ್ಲ.

“ಹಾಕಿ,” ಎಂದಳು ಅವಳು.

ಹುಯ್ದ. ಸೋಪಿನ ನೊರೆ ಮಣ್ಣಿಗಿಳಿಯಿತು. ಅವಳು ತಲೆಯೆತ್ತದೆ, ನೀರಿಗೇ ಹೇಳುವಂತೆ, “ಅವತ್ತು ಹೊಳಲಿನ ದಾರಿಯಲ್ಲಿ ಏನಾದರೂ ಹೇಳಬೇಕಿತ್ತು ನಾನು. ಏನೂ ತೋಚಲಿಲ್ಲ” ಎಂದಳು.

ಕೆಂಪಸಿದ್ದಯ್ಯ ಚೊಂಬು ಮತ್ತೆ ತುಂಬಿಕೊಂಡ.

“ಮೊಣಕೈಲೂ ಅದೆ ಅಮ್ಮಾವ್ರೇ. ವಸಿ ಇತ್ಲಾಗೆ ತಿರುಗ್ಸಿ,” ಎಂದು ಚೊಂಬನ್ನು ಮೆಲ್ಲಗೆ ಬಗ್ಗಿಸಿದ.