ಹನಿ ನಿಲ್ಲುವ ತನಕ ಒಪ್ಪತ್ತು

ಬೆಳಗಾವಿಯ ಶಹಾಪುರದ ಜಿನಮತಿಯವರ ಅಡುಗೆಮನೆಯಲ್ಲಿ, ಪಾತ್ರೆ ತೊಳೆಯುವ ಕಟ್ಟೆಯ ಕೆಳಗೆ, ಪೈಪಿನ ಜೋಡಣೆಯೊಂದು ಸೋರತೊಡಗಿತು. ನಿಮಿಷಕ್ಕೆ ಹನ್ನೊಂದು ಹನಿ. ಎಣಿಸಿದ್ದು ಜಿನಮತಿಯವರೇ. ಒದ್ದೆಯಾದ ಮೂಲೆಗೆ ಇರುವೆಗಳು ಬಂದವು. ಬಂದವುಗಳು ಆ ನೀರಿನಲ್ಲೇ ಸತ್ತವು. ಎಪ್ಪತ್ತಾರು ವರ್ಷದ ಜಿನಮತಿ ಜೈನರು; ಬಟ್ಟೆಯಲ್ಲಿ ಸೋಸದ ನೀರನ್ನು ಒಮ್ಮೆಯೂ ಕುಡಿದವರಲ್ಲ. ಮಗ ಪಾರೀಸನನ್ನು ಕರೆದು ಸತ್ತ ಇರುವೆಗಳನ್ನು ತೋರಿಸಿದರು.

"ಈ ಹನಿ ನಿಂದ್ರೂ ತನಕ ನಾ ಒಪ್ಪತ್ತ ಊಟಾ ಮಾಡಾಕಿ."

ತಾಯಿಯ ನೇಮ ಬಿಡಿಸುವುದಕ್ಕಿಂತ ಪೈಪು ರಿಪೇರಿ ಮಾಡಿಸುವುದು ಸುಲಭವೆಂದು ಪಾರೀಸನಿಗೆ ಅನುಭವದಿಂದ ಗೊತ್ತಿತ್ತು. ದೇಸೂರಿನ ಪ್ಲಂಬರ್ ಮಾಯಪ್ಪನಿಗೆ ಫೋನ್ ಮಾಡಿದ.

ಮಾಯಪ್ಪ ಬಂದು ಪೈಪಿನ ತಿರುವಿನಲ್ಲಿದ್ದ ಎಲ್ಬೋ ಬಿಚ್ಚಿ, ಪೈಪಿನ ತುದಿಯ ಥ್ರೆಡ್ಡಿಗೆ ಬಿಳಿಯ ಟೆಫ್ಲಾನ್ ಟೇಪ್ ಸುತ್ತಿ, ಪಾನಾದಿಂದ ಬಿಗಿ ಮಾಡಿ ಎದ್ದ. ಹೊರಡುವಾಗ ಪಾರೀಸ ತಾಯಿಯ ನೇಮದ ಸಂಗತಿ ಹೇಳಿದ.

"ಚಿಂತಿ ಬಿಡ್ರಿ, ನಾಳಿಂದ ಎರಡೂ ಹೊತ್ತ ಉಣ್ತಾರ," ಎಂದ ಮಾಯಪ್ಪ.

ಮರುದಿನ ಬೆಳಿಗ್ಗೆ ಪಾರೀಸನ ಫೋನ್ ಬಂತು. ಹನಿ ಆರಕ್ಕೆ ಇಳಿದಿದೆ, ಅವ್ವ ಒಪ್ಪತ್ತಿನಲ್ಲೇ ಇದ್ದಾರೆ.

ಮಾಯಪ್ಪ ಇಪ್ಪತ್ತೆರಡು ವರ್ಷದಿಂದ ಈ ಕೆಲಸದಲ್ಲಿದ್ದ. ಸೋರುವ ಪೈಪಿಗಾಗಿ ಜನ ಅವನನ್ನು ಬೈದದ್ದುಂಟು, ಒಬ್ಬರು ಚಪ್ಪಲಿ ಎತ್ತಿದ್ದೂ ಉಂಟು. ಊಟ ಬಿಟ್ಟವರು ಯಾರೂ ಇರಲಿಲ್ಲ. ಎರಡನೆಯ ಸಲ ಅವನು ಹಳೆಯ ಟೇಪಿನ ಮೇಲೆಯೇ ಹದಿನೈದು ಸುತ್ತು ಹೊಸ ಟೇಪ್ ಸುತ್ತಿದ. ಹನಿ ನಾಲ್ಕಾಯಿತು. ಮೂರನೆಯ ದಿನ ಇಡೀ ಸುರುಳಿಯನ್ನೇ ಸುತ್ತಿದ. ದಪ್ಪಗಾದ ಪೈಪು ಪ್ಲಾಸ್ಟಿಕ್ ಎಲ್ಬೋದೊಳಗೆ ಹೋಗಲು ಒಪ್ಪಲಿಲ್ಲ. ಪಾನಾ ಹಾಕಿ ಒತ್ತಿದ. ಎಲ್ಬೋ ಟಕ್ಕೆಂದು ಸೀಳಿತು.

ಈಗ ಹನಿಗಳನ್ನು ಎಣಿಸುವಂತಿರಲಿಲ್ಲ. ಪಾರೀಸ ಮಾಳಿಗೆಗೆ ಓಡಿ ಟ್ಯಾಂಕಿನ ವಾಲ್ವ್ ಬಂದ್ ಮಾಡಿದ. ಜಿನಮತಿ ಬೈಯಲಿಲ್ಲ. ಸೋಸಿಟ್ಟ ನೀರನ್ನು ಲೋಟದಲ್ಲಿ ತಂದರು.

"ಎಷ್ಟ ದಣದೀ ನೋಡ್ ಪಾಪ. ಕುಡಿ."

ಬೈದಿದ್ದರೆ ಮಾಯಪ್ಪನಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಸಂಜೆ ದೇಸೂರಿನಲ್ಲಿ ಹೆಂಡತಿ ಸಾವಂತ್ರವ್ವ ರೊಟ್ಟಿ ಬಡಿಸಿದಳು. ಅವನು ನಡೆದದ್ದನ್ನೆಲ್ಲ ಹೇಳಿದ. ಅವಳು ತಾಟನ್ನು ಎತ್ತಿ ಮುಚ್ಚಿಟ್ಟಳು.

"ಅಲ್ಲಿ ಆ ಹಿರೇ ಜೀವ ಹಸಕೊಂಡ ಕುಂತೈತಿ. ನಿಮಗ ರೊಟ್ಟಿ ಹ್ಯಾಂಗ ಇಳೀತೈತ್ರಿ?"

"ನಾ ಏನ್ ಬೇಕಂತ ಮಾಡೇನೇನ?"

"ನಾಳಿ ನಾನೂ ಬರ್ತೇನಿ."

ಅವಳೂ ಉಣ್ಣಲಿಲ್ಲ.

ಮರುದಿನ ಇಬ್ಬರೂ ಬೆಳಗಿನ ರೈಲಿಗೆ ಬೆಳಗಾವಿಗೆ ಬಂದರು. ಮಾಯಪ್ಪನಿಗೆ ಆ ದಿನ ಖಾನಾಪುರದಲ್ಲಿ ಬೇರೆ ಕೆಲಸವಿತ್ತು. ಅಲ್ಲಿಗೆ ಫೋನ್ ಮಾಡಿ ಬರುವುದಿಲ್ಲವೆಂದ. ಸಾವಂತ್ರವ್ವ ಜಿನಮತಿಯವರ ಕಾಲಿಗೆ ನಮಸ್ಕರಿಸಿದಳು.

"ತಪ್ಪ ಆಗೇತ್ರಿ ಅವ್ವಾರ."

"ನೀ ಏನ್ ತಪ್ಪ ಮಾಡೀದಿ? ಕುಂದರ. ತವರಮನಿ ಯಾವೂರ?"

"ಪಾರಿಶ್ವಾಡ್ರಿ."

"ಖರೇನ? ನಂದೂ ಪಾರಿಶ್ವಾಡನ!"

ಇಬ್ಬರೂ ಪಡಸಾಲೆಯಲ್ಲಿ ಕೂತರು. ಯಾರ ಮನೆ ಯಾವ ಓಣಿಯಲ್ಲಿ, ಯಾವ ಬಾವಿಯ ನೀರು ಸಿಹಿ, ಹುಣಸೆಮರ ಇನ್ನೂ ಇದೆಯೋ ಎಂದು ಮಾತು ಬೆಳೆಯಿತು. ಪಾರೀಸನೂ ಕೇಳುತ್ತ ಅಲ್ಲೇ ನಿಂತ.

ಮೂರು ದಿನವೂ ತಾಯಿ ಮಗ ಮಾಯಪ್ಪನ ಬೆನ್ನ ಹಿಂದೆ ನಿಂತು ಹನಿ ನೋಡುತ್ತಿದ್ದರು. ಇಂದು ಅಡುಗೆಮನೆಯಲ್ಲಿ ಅವನ ಹಿಂದೆ ಯಾರೂ ಇರಲಿಲ್ಲ. ಅವನು ನೆಲದ ಮೇಲೆ ಆರಾಮಾಗಿ ಕೂತ. ಹಳೆಯ ಟೇಪನ್ನೆಲ್ಲ ಕೆರೆದು ತೆಗೆದ. ಥ್ರೆಡ್ಡನ್ನು ಬ್ರಷ್ಷಿನಿಂದ ಉಜ್ಜಿ, ಅರಿವೆಯಿಂದ ಒರೆಸಿ ಒಣಗಿಸಿದ. ಹೊಸ ಟೇಪನ್ನು ಪೈಪು ಬಿಗಿಯಾಗುವ ದಿಕ್ಕಿಗೇ, ಎಳೆದು ಹಿಡಿದು, ಥ್ರೆಡ್ಡಿನ ಗೆರೆ ಮೇಲೆ ಮೂಡುವಂತೆ ಎಂಟು ಸುತ್ತು ಸುತ್ತಿದ. ತಂದಿದ್ದ ಹಿತ್ತಾಳೆಯ ಎಲ್ಬೋವನ್ನು ಕೈಯಿಂದ ತಿರುಗಿಸಿ, ಕೊನೆಗೆ ಪಾನಾದಿಂದ ಬೇಕಾದಷ್ಟೇ ಬಿಗಿದ. ವಾಲ್ವ್ ತೆರೆಸಿ, ಕೆಳಗೆ ಒಣ ಪೇಪರ್ ಹಾಸಿದ.

ಜಿನಮತಿ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು.

"ಸಂಜಿ ತನಕ ನೋಡೂಣು."

ಮಾಯಪ್ಪ ಪೇಪರಿನ ಪಕ್ಕದಲ್ಲೇ ಕೂತ. ಕೂತಲ್ಲೇ ಅದರಲ್ಲಿನ ಸುದ್ದಿಯನ್ನೆಲ್ಲ ಓದಿದ. ಮದುವೆಯ ಜಾಹೀರಾತುಗಳನ್ನೂ ಬಿಡಲಿಲ್ಲ. ಐದು ಗಂಟೆಗೆ ಜಿನಮತಿ ಬಂದು ಎಲ್ಬೋದ ಅಡಿಯನ್ನು ಬೆರಳಿನಿಂದ ಒರೆಸಿದರು. ಬೆರಳು ಒಣಗೇ ಇತ್ತು.

"ನಿಂತೈತಿ," ಎಂದರು. ಮಾಯಪ್ಪನ ಕಣ್ಣಲ್ಲಿ ನೀರು ಬಂತು; ಯಾರೂ ನೋಡದಂತೆ ಮುಖ ತಿರುಗಿಸಿ ಸಾಮಾನು ಚೀಲಕ್ಕೆ ತುಂಬಿದ.

"ಹೊತ್ತ ಮುಳಗೂದ್ರಾಗ ಉಣಬೇಕು. ಎಲ್ಲಾರೂ ಕೂಡೇ ಕುಂದರ್ರಿ," ಎಂದು ಜಿನಮತಿ ಒಲೆ ಹಚ್ಚಿದರು. ನಾಲ್ವರೂ ಚಪಾತಿ, ಹೆಸರುಬೇಳೆ ಉಂಡರು. ಮಾಯಪ್ಪ ಏಳು ಚಪಾತಿ ತಿಂದ. ಉಳ್ಳಾಗಡ್ಡಿ ಇಲ್ಲದ್ದು ಅವನಿಗೆ ತಿಳಿಯಲೇ ಇಲ್ಲ.

ಜಿನಮತಿ ಪಾರಿಶ್ವಾಡ ನೋಡಿ ಒಂಬತ್ತು ವರ್ಷವಾಗಿತ್ತು. ಮುಂದಿನ ವಾರ ಅವರೂ ಸಾವಂತ್ರವ್ವನೂ ಬಸ್ಸಿನಲ್ಲಿ ಅಲ್ಲಿಗೆ ಹೊರಟರು. ಪಾರೀಸ, ಮಾಯಪ್ಪ ಬಸ್ ಸ್ಟ್ಯಾಂಡಿಗೆ ಬಂದು ಕಳಿಸಿದರು. ಬಸ್ಸು ಹೋದ ಮೇಲೆ ಪಾರೀಸ, ಹನಿ ಇನ್ನೂ ಬಿದ್ದಿಲ್ಲವೆಂದು ಹೇಳಿದ. ಇಬ್ಬರೂ ಒಂದೊಂದು ಚಹಾ ಕುಡಿದು ತಮ್ಮ ತಮ್ಮ ಕೆಲಸಕ್ಕೆ ಹೋದರು.