ಈರುಳ್ಳಿ ಕುಡಿದ ಕಷಾಯ

ಮೊಮ್ಮಗಳು ಬಸುರಿ ಎಂದು ಗೊತ್ತಾದದ್ದೇ ತಡ, ಕಷಾಯದಜ್ಜಿ ಒಲೆ ಹಚ್ಚಿದಳು. ಬೀದಿಯ ಬಸುರಿಯರೆಲ್ಲ ಅವಳ ಸೊಪ್ಪಿನ ಕಷಾಯ ಕುಡಿದವರೇ. ಸ್ವಂತ ಮೊಮ್ಮಗಳು ಮಾತ್ರ ಲೋಟ ಮುಟ್ಟಲಿಲ್ಲ.

"ಮೊದಲು ನಮ್ಮ ಲ್ಯಾಬಲ್ಲಿ ಪರೀಕ್ಷೆ ಆಗ್ಲಿ ಅಜ್ಜಿ. ಡಿಎನ್‌ಎಗೆ ಪೆಟ್ಟು ಬೀಳುತ್ತಾ ನೋಡ್ಬೇಕು."

"ನನ್ನ ಕಷಾಯಕ್ಕೇ ಪರೀಕ್ಷೆನಾ? ಮಾಡ್ಕೋ ಹೋಗು!"

ಸಿಟ್ಟು ಬಂದರೇನು, ಮೊಮ್ಮಗಳಿಗೆ ಕುಡಿಸಲೇಬೇಕೆಂಬ ಆಸೆ ಬಿಡಬೇಕಲ್ಲ! ಮರುದಿನ ಫ್ಲಾಸ್ಕ್ ಹಿಡಿದು ತಾನೇ ಲ್ಯಾಬಿಗೆ ಹೋದಳು.

ಅಲ್ಲಿ ಕಿಟಕಿ ಪಕ್ಕ ಸಾಲಾಗಿ ಗಾಜಿನ ಲೋಟಗಳು, ಪ್ರತಿಯೊಂದರ ಬಾಯಿಗೂ ಒಂದು ಈರುಳ್ಳಿ. ಮೊಮ್ಮಗಳು ಕೆಲವಕ್ಕೆ ಬರೀ ನೀರು, ಕೆಲವಕ್ಕೆ ಫ್ಲಾಸ್ಕಿನ ಕಷಾಯ ಹಾಕಿದಳು. ಬೇರಿನ ತುದಿ ಕತ್ತರಿಸಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಜೀವಕೋಶದೊಳಗಿನ ಡಿಎನ್‌ಎ ಎಳೆಗಳು ತುಂಡಾಗಿವೆಯೋ ಇಲ್ಲವೋ ತಿಳಿಯುತ್ತದೆ.

"ಅಲ್ವೇ, ಈರುಳ್ಳಿ ಮಾತು ಕೇಳ್ತೀಯ, ನನ್ನ ಮಾತು ಕೇಳಲ್ಲ!" ಎಂದಳು ಅಜ್ಜಿ.

ವಾರ ಕಳೆದು ಮೊಮ್ಮಗಳು ಸಪ್ಪೆ ಮೋರೆ ಹೊತ್ತು ಬಂದಳು. ಕಷಾಯದ ಈರುಳ್ಳಿಗೆ ಬೇರು ಸರಿಯಾಗಿ ಬಂದೇ ಇಲ್ಲ. ಬಂದದ್ದರಲ್ಲೂ ಎಳೆಗಳು ತುಂಡು ತುಂಡು.

ತನ್ನ ಕಷಾಯ ಕುಡಿದ ಹೆಂಗಸರ ಮುಖಗಳೆಲ್ಲ ಅಜ್ಜಿಯ ಕಣ್ಣ ಮುಂದೆ ಬಂದವು.

"ನಿಜ ಹೇಳು ಅಜ್ಜಿ, ಎಷ್ಟು ಸೊಪ್ಪು ಹಾಕಿದ್ದೆ?"

"ದಿನಾ ಹಾಕೋದು ಒಂದು ಹಿಡಿ ಕಣೇ. ಪರೀಕ್ಷೆ ಅಂದ್ಯಲ್ಲ, ಮರ್ಯಾದೆ ಪ್ರಶ್ನೆ ಅಂತ ಬುಟ್ಟಿಗಟ್ಲೆ ಹಾಕಿ ಚೆನ್ನಾಗಿ ಬತ್ತಿಸಿದೆ."

ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. ಮತ್ತೆ ಹೊಸ ಈರುಳ್ಳಿ, ಈ ಸಲ ದಿನನಿತ್ಯದ ಕಷಾಯ. ಬೇರುಗಳು ಹುಲುಸಾಗಿ ಇಳಿದವು. ನೀರಿನ ಈರುಳ್ಳಿಗೂ ಇವಕ್ಕೂ ವ್ಯತ್ಯಾಸವೇ ಕಾಣಲಿಲ್ಲ.

ಅಜ್ಜಿಯನ್ನು ಹಿಡಿಯುವವರುಂಟೇ! ಬೀದಿಗೆಲ್ಲ ಡಂಗುರ ಸಾರಿ ಬಂದು ಲೋಟ ತುಂಬಿಸಿದಳು. ಮೊಮ್ಮಗಳು ಅದನ್ನು ತುಟಿಯ ಹತ್ತಿರ ಒಯ್ದಳು.

"ತಡಿ," ಎಂದಳು ಅಜ್ಜಿ. "ಈರುಳ್ಳಿಗೆ ಏನೂ ಆಗ್ಲಿಲ್ಲ ಅಂದ್ರೆ ಮಗೂಗೂ ಆಗಲ್ಲ ಅಂತಾನಾ?"

"ಹಾಗೆ ಹೇಳೋಕಾಗಲ್ಲ ಅಜ್ಜಿ. ಇನ್ನೂ ಬೇಕಾದಷ್ಟು ಪರೀಕ್ಷೆ ಇದೆ. ಪರವಾಗಿಲ್ಲ ಬಿಡು, ನಿನಗೋಸ್ಕರ ಒಂದು ಗುಟುಕು..."

ಅಜ್ಜಿ ಲೋಟ ಕಿತ್ತುಕೊಂಡಳು. "ನನಗೋಸ್ಕರ ಅಂತೆ! ತಲೆ ನೆಟ್ಟಗಿದ್ಯಾ ನಿಂಗೆ?"

ಕಷಾಯವನ್ನು ಬಚ್ಚಲಿಗೆ ಸುರಿದಳು. ಆಮೇಲೆ ಚಪ್ಪಲಿ ಮೆಟ್ಟಿಕೊಂಡಳು.

"ಎಲ್ಲಿಗೆ ಅಜ್ಜಿ?"

"ಮೂಲೆಮನೆ ಹುಡುಗೀನೂ ಬಸುರಿ. ನನ್ನ ಕಷಾಯ ಇನ್ನೂ ಪಾಸಾಗಿಲ್ಲ, ಕುಡೀಬೇಡ ಅಂತ ಹೇಳಿ ಬರ್ತೀನಿ."