ಜೋಡಿ ಕಾರ್ಡಿನ ಲ್ಯಾಪ್‌ಟಾಪ್

"ಆ ಕ್ರಾಸ್‌ಫೈರ್‌ದಾಗ ಒಂದು ತಕರಾರು ಐತಕ್ಕ," ಎಂದು ತಿರುಮಲೇಶ್ ಮತ್ತೆ ಶುರುಮಾಡಿದಾಗ ಪ್ರಸನ್ನಲಕ್ಷ್ಮಿ ಜೀನ್ಸ್ ಪ್ಯಾಂಟಿನ ಹಿಂದಿನ ಜೇಬಿಗೆ ಹೊಲಿಗೆ ಹಾಕುತ್ತಿದ್ದಳು. ಮಷಿನ್ನಿನ ಸದ್ದಿನಲ್ಲಿ ತಮ್ಮನ ಮಾತು ಅರ್ಧ ಕೇಳಿಸಿತು. ಇನ್ನರ್ಧ ಅವಳಿಗೆ ಬಾಯಿಪಾಠವಾಗಿತ್ತು. "ಎರಡು ಕಾರ್ಡು ಸೇರಿ ಒಂದು ಆಟದ ಚಿತ್ರ ಮೂಡಿಸ್ಬೇಕು. ಒಂದು ಮುಂದ ಒಂದು ಹಿಂದ ಆತಂದ್ರ ಆಟ ತಡವರಿಸ್ತೈತಿ. ಎಸ್‌ಎಲ್‌ಐದಾಗ ಅಷ್ಟು ತಡವರಿಸಂಗಿಲ್ಲ. ಆದ್ರ ಅದು ಬಾಳ ಬಿಸಿ ಆಗ್ತೈತಿ."

"ಮೊನ್ನೆ ಕ್ರಾಸ್‌ಫೈರೇ ಚೊಲೋ ಅಂದಿದ್ದೆಲ್ಲೋ?"

"ಮೊನ್ನೆ ಪೂರಾ ಓದಿರಲಿಲ್ಲ."

ಎರಡೂ ಹಳೆಯ ಮಾಲು. ಒಳಗೆ ಎರಡೆರಡು ಗ್ರಾಫಿಕ್ಸ್ ಕಾರ್ಡು ಇಟ್ಟುಕೊಂಡ, ದಿಂಬಿನಷ್ಟು ದಪ್ಪದ ಲ್ಯಾಪ್‌ಟಾಪುಗಳು. ಈಗ ಅಂಥವನ್ನು ಮಾಡುವವರೂ ಇಲ್ಲ, ಕೇಳುವವರೂ ಇಲ್ಲ. ರಾಯದುರ್ಗದ ಬಸ್ ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಅಂಗಡಿ ಇಟ್ಟಿರುವ ಸಾಯಿಪ್ರಸಾದ್ ಎಲ್ಲಿಂದಲೋ ಎರಡನ್ನು ತರಿಸಿ, ಒಂದರಲ್ಲಿ ಕ್ರಾಸ್‌ಫೈರ್ ಎಂಬ ಜೋಡಣೆ, ಇನ್ನೊಂದರಲ್ಲಿ ಅದರ ಎದುರಾಳಿ ಕಂಪನಿಯ ಎಸ್‌ಎಲ್‌ಐ ಜೋಡಣೆ ಎಂದು ಹೇಳಿದ್ದೇ ತಡ, ತಿರುಮಲೇಶನ ತಲೆಗೆ ಹುಳ ಹೊಕ್ಕಿತು. ಸೊಸೆಯನ್ನು ಹುಡುಕುವ ಮನೆಯವರೂ ಇಷ್ಟು ವಿಚಾರಣೆ ಮಾಡುವುದಿಲ್ಲ. ಸೋಮವಾರ ಇದು, ಬುಧವಾರ ಅದು, ಶುಕ್ರವಾರ ಮತ್ತೆ ಇದು. ಹೀಗೇ ಆಷಾಢ ಮುಗಿದು ಶ್ರಾವಣವೂ ಮುಗಿಯುತ್ತ ಬಂದಿತ್ತು.

ಲ್ಯಾಪ್‌ಟಾಪ್ ಕೊಡಿಸುವುದಾಗಿ ಹೇಳಿದವರು ಜೀನ್ಸ್ ಕಾರ್ಖಾನೆಯ ಗಂಗಾಧರಪ್ಪ. ತಿರುಮಲೇಶ್ ಅವರಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದ. ಒಂದರ ಮೇಲೊಂದು ಹಾಸಿದ ಜೀನ್ಸ್ ಬಟ್ಟೆಯನ್ನು ಬಲಗೈಯ ಕರೆಂಟ್ ಮಷಿನ್ನಿನಿಂದ ಕೊಯ್ಯುವಾಗ ಎಡಗೈಗೆ ಕಬ್ಬಿಣದ ಜಾಲರಿಯ ಗ್ಲೌಸು ಹಾಕಬೇಕು. ಇಲ್ಲಿನ ಕಟಿಂಗ್ ಮಾಸ್ಟರುಗಳು ಹಾಕುತ್ತಾರೆ ಕೂಡ. ಆದರೆ ಜೇಬಿನ ತಿರುವು ಬಂದಾಗ ಕಿತ್ತು ಪಕ್ಕಕ್ಕಿಡುತ್ತಾರೆ. ಗ್ಲೌಸು ಹಾಕಿಕೊಂಡೇ ತಿರುವು ಕೊಯ್ಯುವವನು ಇನ್ನೂ ಕಲಿಯುವವನು ಎಂದು ಲೆಕ್ಕ. ಬಟ್ಟೆ ಕೈಗೆ ತಿಳಿಯಬೇಕು ಎನ್ನುವುದು ಅವರ ಜಂಬ. ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಅಂಥದೇ ತಿರುವಿನಲ್ಲಿ ತಿರುಮಲೇಶನ ಎಡಗೈಯ ನಡುವಿನ ಮೂರು ಬೆರಳು ಬಟ್ಟೆಯ ಜೊತೆಗೇ ಹೋದವು.

ಬಳ್ಳಾರಿಯಲ್ಲಿ ಡಾಕ್ಟರು ಬೆರಳುಗಳನ್ನು ಕೂಡಿಸಿ ಹೊಲಿದರು. ಹೊಲಿಯುವುದೇ ಕಸುಬಾದ ಓಣಿ ಇದು. ಪಟ್ಟಿ ಬಿಚ್ಚಿದ ದಿನ ಓಣಿಯವರೆಲ್ಲ ಬಂದು ಅವನ ಕೈಯನ್ನು ತಿರುವಿ ಮುರುವಿ ನೋಡಿದರು. "ಎಂಥಾ ಹೊಲಿಗಿರೀ ಇದು! ಟಾಕಿ ಒಂದಕ್ಕೊಂದು ಸಮ," ಎಂದರು. ಹೊಲಿಗೆ ಚೆನ್ನಾಗಿದೆ ಎಂದ ಮೇಲೆ ಕೈ ಸರಿಯಾಯಿತು ಎಂದೇ ಎಲ್ಲರೂ ತೀರ್ಮಾನಿಸಿದರು. ತಾಯಿ ಪದ್ಮಾವತಮ್ಮನಿಗಂತೂ ಆ ಗೆರೆಯನ್ನು ಬಂದವರಿಗೆಲ್ಲ ತೋರಿಸುವುದೇ ಸಂಭ್ರಮ. ಮುಂದಿನ ತಪಾಸಣೆಗಳಿಗೆ ತಿರುಮಲೇಶ್ ಒಬ್ಬನೇ ಹೋಗಿಬಂದ. "ಚೊಲೋ ಐತಿ ಅಂದ್ರು, ಬೆರಳು ಆಡಿಸ್ತಿರು ಅಂದ್ರು," ಎಂದು ಹೇಳಿದ.

ಆಗಲೇ ಗಂಗಾಧರಪ್ಪನವರಿಗೆ ಹೊಳೆದದ್ದು. ಭಾನುವಾರ ಬಂತೆಂದರೆ ಈ ಹುಡುಗ ಸಾಯಿಪ್ರಸಾದನ ಅಂಗಡಿಯಲ್ಲಿ ಕೂತು ಗೇಮ್ ಆಡುತ್ತಿದ್ದುದನ್ನು ಊರೇ ಬಲ್ಲದು. "ಗೇಮಿನ ಲ್ಯಾಪ್‌ಟಾಪ್ ನಾನ ಕೊಡಿಸ್ತೀನಿ. ದಿನಾ ಆಡು, ಬೆರಳು ಸಡಿಲಾಗ್ತಾವ. ಸಡಿಲಾದ ದಿನ ಬಂದು ಟೇಬಲ್ ಹತ್ರ ನಿಂದ್ರು," ಎಂದಿದ್ದರು. ಅಲ್ಲಿಯವರೆಗೆ ಅರ್ಧ ಪಗಾರವನ್ನೂ ಕಳಿಸುತ್ತಿದ್ದರು. ಒಳ್ಳೆಯವರು. ಆದರೆ ಒಳ್ಳೆಯವರಿಗೂ ದೀಪಾವಳಿಯ ಸೀಜನ್ ಬರುತ್ತದೆ. ಅಂದು ಬೆಳಿಗ್ಗೆ ಅವರಿಂದ ಫೋನು ಬಂದಿತ್ತು: ಇವತ್ತು ಸಂಜೆ ಮನೆಗೆ ಬರುತ್ತೇನೆ, ಅಷ್ಟರಲ್ಲಿ ಯಾವುದಾದರೂ ಒಂದು ತೆಗೆದುಕೊಂಡಿರಲಿ, ಇಲ್ಲದಿದ್ದರೆ ಬಳ್ಳಾರಿಯಿಂದ ಬೇರೆ ಮಾಸ್ಟರನ್ನು ಕರೆಸಬೇಕಾಗುತ್ತದೆ.

ಪ್ರಸನ್ನಲಕ್ಷ್ಮಿ ದಾರ ಕತ್ತರಿಸಿ ಎದ್ದಳು. "ನಡಿ, ಇವತ್ತು ಯಾವ್ದಾರ ಒಂದು ತಗಂಡೇ ಬರಾಮು."

"ಅಕ್ಕ, ಇನ್ನೊಂದು ವಿಡಿಯೋ ನೋಡೋದೈತಿ..."

"ನಿನ್ನ ವಿಡಿಯೋಕ್ಕ ಬೆಂಕಿ ಹಾಕ. ನಡಿ."

ಸಾಯಿಪ್ರಸಾದ್ ಎರಡು ಲ್ಯಾಪ್‌ಟಾಪುಗಳನ್ನೂ ಮೇಜಿನ ಮೇಲೆ ತೆರೆದಿಟ್ಟ. ತಿರುಮಲೇಶ್ ಕೂತ ತಕ್ಷಣ ಪ್ರಶ್ನೆ ಶುರುವಾಯಿತು. ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಫ್ಯಾನಿನ ಸದ್ದು ಎಷ್ಟು, ಹೊಸ ಆಟಗಳು ಎರಡನೇ ಕಾರ್ಡನ್ನು ಗುರುತಿಸುತ್ತವೆಯೋ ಇಲ್ಲವೋ. ಸಾಯಿಪ್ರಸಾದ್ ಮೊದಲು ಖುಷಿಯಿಂದ, ಆಮೇಲೆ ತಾಳ್ಮೆಯಿಂದ, ಕೊನೆಗೆ ಆಕಳಿಸುತ್ತ ಉತ್ತರ ಕೊಟ್ಟ.

"ಮಾತು ಸಾಕೋ ಮಾರಾಯ. ಆಡಿ ನೋಡು, ನಿನಗ ಗೊತ್ತಾಗ್ತೈತಿ," ಎಂದು ಕ್ರಾಸ್‌ಫೈರ್ ಇದ್ದದ್ದರಲ್ಲಿ ಅವನೇ ಒಂದು ಆಟ ಹಚ್ಚಿ ಮುಂದಕ್ಕೆ ತಳ್ಳಿದ.

ತೆರೆಯ ಮೇಲೆ ಬಂದೂಕು ಹಿಡಿದ ಒಬ್ಬ ಸಿಪಾಯಿ ಗಲ್ಲಿಯ ಬಾಯಲ್ಲಿ ನಿಂತಿದ್ದ. ಬಲಗೈಯಲ್ಲಿ ಮೌಸ್ ಹಿಡಿದ ತಿರುಮಲೇಶ್ ಅವನನ್ನು ಆ ಕಡೆ ತಿರುಗಿಸಿದ, ಈ ಕಡೆ ತಿರುಗಿಸಿದ. ಸಿಪಾಯಿ ಎಲ್ಲ ನೋಡಿದ, ನಡೆಯಲಿಲ್ಲ. ನಡೆಸುವ ಕೀಗಳು ಎಡಗೈಯ ಕೆಳಗಿದ್ದವು. ಮೂರು ಬೆರಳು ಅವುಗಳ ಮೇಲೆ ಸುಮ್ಮನೆ ಬಿದ್ದಿದ್ದವು. ಅಣ್ಣತಮ್ಮಂದಿರ ಹಾಗೆ ಸಾಲಾಗಿ, ಚೆಂದವಾಗಿ, ಹೊಲಿಗೆಯ ಗೆರೆಯೂ ಸರಿಯಾಗಿ ಕಾಣದಂತೆ.

ಪ್ರಸನ್ನಲಕ್ಷ್ಮಿ ನೋಡುತ್ತಿದ್ದಳು. ತಮ್ಮನ ಭುಜ ಮುಂದಕ್ಕೆ ಬಾಗಿತು. ಇಡೀ ತೋಳಿನ ಭಾರ ಹಾಕಿ ಅವನು ಅಂಗೈಯನ್ನೇ ಕೆಳಕ್ಕೆ ಒತ್ತಿದ. ಕೀಗಳೆಲ್ಲ ಒಟ್ಟಿಗೆ ಒತ್ತಿಹೋಗಿ ಸಿಪಾಯಿ ಅಡ್ಡಡ್ಡ ಓಡಿ ಗೋಡೆಗೆ ಡಿಕ್ಕಿ ಹೊಡೆದ. ಮತ್ತೆ ಒತ್ತಿದ, ಮತ್ತೆ ಗೋಡೆ. ಕುತ್ತಿಗೆಯ ಮೇಲೆ ಬೆವರು ಇಳಿಯಿತು.

"ಏನಲೇ, ಆಟನ ಮರ್ತೀಯಾ?" ಎಂದು ಸಾಯಿಪ್ರಸಾದ್ ನಕ್ಕ.

ಪ್ರಸನ್ನಲಕ್ಷ್ಮಿಗೆ ಎರಡು ತಿಂಗಳ ಮಾತೆಲ್ಲ ಒಮ್ಮೆಲೇ ಅರ್ಥವಾಯಿತು. ಇವನು ಆರಿಸುತ್ತಿರಲಿಲ್ಲ. ಲ್ಯಾಪ್‌ಟಾಪ್ ಮನೆಗೆ ಬರುವ ದಿನವನ್ನು ಹಿಂದಕ್ಕೆ ಹಿಂದಕ್ಕೆ ತಳ್ಳುತ್ತಿದ್ದ. ಸಾಯಿಪ್ರಸಾದ್ ಬಗ್ಗಿ ಕೈಯನ್ನು ನೋಡುವ ಮೊದಲೇ ಅವಳು ನಡುವೆ ಬಂದು ನಿಂತಳು.

"ಅಂವ ಯಾಕ ಮರೀತಾನ್ರಿ? ನಿಮ್ಮ ಮಷಿನ್ನೇ ಸರಿ ಇಲ್ಲ. ಆಟ ನಿಂತು ನಿಂತು ಓಡಾಕತ್ತೈತಿ, ಕಾಣಂಗಿಲ್ಲೇನು? ಕಾರ್ಡು ಒಂದು ಮುಂದ ಒಂದು ಹಿಂದ ಆಗ್ಯಾವ."

"ಅಯ್ಯೋ ಅಕ್ಕಾರ, ಹಂಗಾದ್ರ ಇದು ನೋಡ್ರಿ, ಎಸ್‌ಎಲ್‌ಐ..."

"ಅದು ಬಿಸಿ ಆಗ್ತೈತಿ. ಬ್ಯಾಡ," ಎಂದು ತಮ್ಮನ ರಟ್ಟೆ ಹಿಡಿದು ಎಬ್ಬಿಸಿದಳು. ಜೀನ್ಸ್ ಹೊಲಿಯುವ ಹೆಂಗಸು ತನಗೆ ಗ್ರಾಫಿಕ್ಸ್ ಕಾರ್ಡಿನ ಪಾಠ ಹೇಳಿ ಹೋದದ್ದನ್ನು ಸಾಯಿಪ್ರಸಾದ್ ಬಾಯಿಬಿಟ್ಟುಕೊಂಡು ನೋಡಿದ.

ಗುಮ್ಮಘಟ್ಟಕ್ಕೆ ಹೋಗುವ ಆಟೋಗಳು ನಿಲ್ಲುವ ಕಡೆ, ಜನರಿಲ್ಲದ ಒಂದು ಕಟ್ಟೆಯ ಹತ್ತಿರ ಅವಳು ತಿರುಗಿ ನಿಂತಳು. ಸಿಟ್ಟು ಬಂದಿತ್ತು. ಬೈಯಬೇಕೆಂದು ಬಾಯಿ ತೆರೆದರೆ ಅಳು ಬಂತು.

"ಎಂದಿನಿಂದಲೋ?"

"ಮೊದಲಿಂದಾನೂ ಬೆರಳಿಗೆ ಜೀವ ಬಂದೇ ಇಲ್ಲಕ್ಕ. ಇನ್ನ ಬರಂಗಿಲ್ಲ ಅಂದ್ರು ಡಾಕ್ಟ್ರು. ಮುಟ್ಟಿದ್ರೂ ಗೊತ್ತಾಗಂಗಿಲ್ಲ. ಇವು ನನ್ನವೇ ಅಂತ ನೋಡಿದ್ರಷ್ಟ ತಿಳೀತೈತಿ."

"ನನಗರ ಹೇಳಬಾರದಿತ್ತಾ?"

"ಹೇಳಿದ್ರ ಮುಗೀತಲ್ಲ. ಹೇಳೋ ತನಕ ನಾನಿನ್ನೂ ಮಾಸ್ಟರು." ಅವನು ಬಲಗೈಯಿಂದ ಎಡಗೈಯನ್ನು ಎತ್ತಿ ಜೇಬಿನಲ್ಲಿಟ್ಟುಕೊಂಡ. "ಈ ಊರಾಗ ಕೈ ಇಲ್ದೋನಿಗೆ ಯಾರು ಏನು ಕೆಲ್ಸ ಕೊಡ್ತಾರಕ್ಕ? ಅವ್ವ ಅಂತೂ ಓಣಿ ತುಂಬಾ ತೋರಿಸ್ಕೆಂತ ಅಡ್ಡಾಡ್ತಾಳ."

ಒಂದು ಷೇರ್ ಆಟೋ ತುಂಬಿಕೊಂಡು ಹೊರಟಿತು. ಇಬ್ಬರೂ ಮನೆಯ ದಾರಿ ಹಿಡಿದರು.

ಮನೆಯಲ್ಲಿ ಗಂಗಾಧರಪ್ಪ ಆಗಲೇ ಬಂದು ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದರು. "ಏನಪಾ, ಯಾವ್ದು ತಗಂಡಿ?" ಎಂದರು.

ತಿರುಮಲೇಶ್ ಬಾಗಿಲಲ್ಲೇ ನಿಂತ. ಹೇಳಿಬಿಡುತ್ತಾನೆ ಎಂದು ಪ್ರಸನ್ನಲಕ್ಷ್ಮಿಗೆ ಅನ್ನಿಸಿತು. ಹೇಳಿಬಿಡಲಿ ಎಂದೂ ಅನ್ನಿಸಿತು. ಆದರೆ ತಾಯಿ ಅಡುಗೆಮನೆಯಿಂದ ನಗುತ್ತ ಹೊರಗೆ ಬಂದದ್ದೇ ಅವನು ತಲೆ ತಗ್ಗಿಸಿದ.

"ಇನ್ನಾ ತೀರ್ಮಾನ ಆಗಿಲ್ರಿ," ಎಂದಳು ಪ್ರಸನ್ನಲಕ್ಷ್ಮಿ. "ಒಂದು ತಡವರಿಸ್ತೈತಿ, ಒಂದು ಬಿಸಿ ಆಗ್ತೈತಿ. ನಿಮ್ಮ ರೊಕ್ಕ ಸುಮ್ನೆ ದಂಡ ಆಗಬಾರದಲ್ರಿ. ಮುಂದಿನ ವಾರ ಬ್ಯಾರೆ ಮಾಲು ಬರ್ತೈತಂತ."

ಗಂಗಾಧರಪ್ಪ ಅಕ್ಕನನ್ನು ನೋಡಿದರು, ತಮ್ಮನನ್ನು ನೋಡಿದರು. ಏನು ತಿಳಿಯಿತೋ ಬಿಟ್ಟಿತೋ. "ಒಂದು ವಾರ ನೋಡ್ತೀನವ್ವ. ಅದರ ಮ್ಯಾಲ ನನ್ನ ಕೈಯಾಗಿಲ್ಲ," ಎಂದು ಎದ್ದು ಹೋದರು.

ಪದ್ಮಾವತಮ್ಮನಿಗೆ ಇದ್ಯಾವುದರ ಚಿಂತೆಯೂ ಇರಲಿಲ್ಲ. ಒಲೆಯ ಮೇಲೆ ಬಟ್ಟಲಲ್ಲಿ ಎಳ್ಳೆಣ್ಣೆ ಕಾಯಿಸಿ ತಂದು ಮಗನ ಮುಂದೆ ಕೂತಳು. ಯಾರೋ ಹೇಳಿದ್ದರಂತೆ, ಬಿಸಿ ಎಣ್ಣೆ ತಿಕ್ಕಿದರೆ ಬಿಗಿ ಬಿಡುತ್ತದೆ ಎಂದು. ಸಣ್ಣ ಬಟ್ಟೆಯ ತುಂಡನ್ನು ಎಣ್ಣೆಯಲ್ಲಿ ಅದ್ದಿ, ಅವನ ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಬೆರಳಿಗೆ ಒತ್ತತೊಡಗಿದಳು.

"ಸುಡತೈತೇನಪಾ?"

ತಿರುಮಲೇಶ್ ಅಕ್ಕನ ಮುಖ ನೋಡಿದ.

ಪ್ರಸನ್ನಲಕ್ಷ್ಮಿ ಬಂದು ಪಕ್ಕದಲ್ಲಿ ಕೂತು ಬಟ್ಟಲಲ್ಲಿ ತನ್ನ ಬೆರಳು ಅದ್ದಿ ಚಟ್ಟನೆ ತೆಗೆದಳು.

"ಹೂನವ್ವ," ಎಂದಳು. "ಅವನಿಗೆ ಸುಡತೈತಿ. ಚೂರು ಆರಲಿ ತಡಿ."